ಅಂಕಯ್ಯನ ಸರ್ಕೀಟು

ಶುಕ್ರವಾರ ಮಧ್ಯಾಹ್ನ ಊಟ ಮುಗಿಸಿ ಕಛೇರಿಗೆ ಬಂದು ಕೂತಾಗಿನಿಂದ ಅಂಕಯ್ಯನ ಕಾಲುಗಳು ಮೇಜಿನ ಕೆಳಗೆ ಸುಮ್ಮನಿರಲಿಲ್ಲ. ಕೈ ಯಾವುದೋ ಕೆರೆ ಏರಿಯ ಅರ್ಜಿಯನ್ನು ನಕಲು ಮಾಡುತ್ತಿತ್ತು, ಕಾಲುಗಳು ಬಿಳಿಕೆರೆಯ ಏರು ಹತ್ತುತ್ತಿದ್ದವು. ನಾಳೆ ಬೆಳಿಗ್ಗೆ ಆರಕ್ಕೆ ಹೊರಡುವುದು. ಹುಣಸೂರು ಬಿಟ್ಟರೆ ಬಿಳಿಕೆರೆ, ಅಲ್ಲಿಂದ ಎಡಕ್ಕೆ ತಿರುಗಿ ಕೃಷ್ಣರಾಜನಗರ, ಆಮೇಲೆ ಬೆಟ್ಟದಪುರ, ಪಿರಿಯಾಪಟ್ಟಣ, ಹಾರನಹಳ್ಳಿ, ಅಲ್ಲಿಂದ ಮುಂದೆ ಅರಮನೆಯ ಶಿಕಾರಿ ಕಾಡಿನ ಅಂಚಿನ ಒಂದು ಸಣ್ಣ ಊರು, ಆಮೇಲೆ ಹೆಗ್ಗಡದೇವನಕೋಟೆ, ಕೋಟೆಯಿಂದ ನೆಟ್ಟಗೆ ಹುಣಸೂರು. ನಾಲ್ಕು ದಿನ, ನೂರ ಹತ್ತು ಮೈಲಿ, ಒಂದು ಸೈಕಲ್ಲು, ಒಬ್ಬ ಅಂಕಯ್ಯ. ಹೊರಟಲ್ಲಿಗೇ ವಾಪಸು ಬರುವುದಾದರೆ ಹೋಗುವುದಾದರೂ ಯಾಕೆ ಎಂದು ಹೆಂಡತಿ ಚೆಲುವಮ್ಮ ಮೂರು ತಿಂಗಳಿಂದ ಕೇಳುತ್ತಿದ್ದಳು. ಪ್ರಶ್ನೆ ನ್ಯಾಯವಾದದ್ದೇ. ಕೊಡಗಿನ ತೋಟದ ರೈಟರೊಬ್ಬ ತನ್ನ ಮಲೆಯಾಳಕ್ಕೆ ಹಿಂದಿರುಗುವಾಗ ಮಾರಿಹೋದ ಹಳೆಯ ಸೈಕಲ್ಲಿನ ಮೇಲೆ ಮೊದಲ ಸಲ ಕೂತಾಗ ಹೊಟ್ಟೆಯೊಳಗೆ ಏನೋ ಕಚಗುಳಿಯಿಟ್ಟ ಹಾಗಾಗಿ, ಮೂವತ್ತೆರಡು ವರ್ಷದ, ಎರಡು ಹೆಣ್ಣುಮಕ್ಕಳ ತಂದೆಯಾದ ತಾನು ನಡುಬೀದಿಯಲ್ಲಿ ಜೋರಾಗಿ ನಕ್ಕುಬಿಟ್ಟಿದ್ದನ್ನು ಅವಳಿಗೆ ಹೇಗೆ ಹೇಳುವುದು? ಗಾಳಿ ಕುಡಿಯುವುದಕ್ಕೆ ಎಂದಿದ್ದ. ಗಾಳಿ ಹಿತ್ತಿಲಲ್ಲೂ ಇದೆ ಎಂದು ಅವಳು ಅಕ್ಕಿ ಆರಿಸಲು ಕೂತಿದ್ದಳು.

ಕಛೇರಿಯಲ್ಲಿ ಅವನ ಕೆಲಸವೇ ಸಾಹೇಬರ ಸರ್ಕೀಟು ಪಟ್ಟಿ ಬರೆಯುವುದು. ಸಾಹೇಬರು ಯಾವ ದಿನ ಯಾವ ಊರಿಗೆ ಸವಾರಿ ಹೋಗುತ್ತಾರೆ, ಎಲ್ಲಿ ಮೊಕ್ಕಾಂ, ಎಷ್ಟು ಮೈಲಿ, ಊರಿನವರು ಏನೇನು ಒದಗಿಸಬೇಕು ಎಂಬುದನ್ನು ಗೆರೆ ಹಾಕಿದ ಹಾಳೆಯ ಮೇಲೆ ದುಂಡಗೆ ಬರೆದುಕೊಟ್ಟರೆ, ಅದರ ಮೇಲೆ ಮೊಹರು ಬಿದ್ದು ಪಟೇಲರ ಕೈಗೆ ಹೋಗುತ್ತಿತ್ತು. ಹನ್ನೊಂದು ವರ್ಷ ಅದನ್ನೇ ಬರೆದವನಿಗೆ ಪ್ರಯಾಣ ಎಂದರೆ ಪಟ್ಟಿಯೇ. ಪಟ್ಟಿಯಿಲ್ಲದೆ ಸಂತೆಗೆ ಹೋಗುವುದೂ ಅವನಿಗೆ ಕಷ್ಟ. ಹೀಗಾಗಿ ತನ್ನ ಸೈಕಲ್ ಯಾತ್ರೆಯನ್ನೂ ಅದೇ ನಮೂನೆಯಲ್ಲಿ ಬರೆದ. ಮೊಕ್ಕಾಂ ಬಿಳಿಕೆರೆ: ಎಳನೀರು ಎರಡು. ಮೊಕ್ಕಾಂ ಬೆಟ್ಟದಪುರ: ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಸಾಹೇಬರು ಇಂಗ್ಲಿಷ್ ಬಿಸ್ಕತ್ತು ತಿನ್ನುವವರು, ಚಟ್ನಿಯೆಂದರೆ ಕೆಮ್ಮು ಬರುತ್ತದೆ; ಅವರ ಪಟ್ಟಿಯಲ್ಲಿ ಹನ್ನೊಂದು ವರ್ಷ ಬರೆಯಲಾಗದ ಹುಚ್ಚೆಳ್ಳು ಚಟ್ನಿಯನ್ನು ಬರೆಯುವಾಗ ಅವನ ಬಾಯಲ್ಲಿ ನೀರೂರಿತ್ತು. ಪ್ರತಿ ಮೊಕ್ಕಾಮಿನ ಮುಂದೆಯೂ ಇನ್ನೊಂದು ಸಾಮಾನು ಇತ್ತು: ಇಳಿಯಲು ಒಂದು ಕಲ್ಲು. ಯಾಕೆಂದರೆ ಅಂಕಯ್ಯನಿಗೆ ಸೈಕಲ್ ಬಿಡಲು ಚೆನ್ನಾಗಿಯೇ ಬರುತ್ತಿತ್ತು, ಹತ್ತಲು ಮತ್ತು ಇಳಿಯಲು ಬರುತ್ತಿರಲಿಲ್ಲ. ಮೈಲಿಗಲ್ಲಿನ ಮೇಲೆ ಎಡಗಾಲಿಟ್ಟು ಹತ್ತುವನು, ಇನ್ನೊಂದು ಮೈಲಿಗಲ್ಲು ಸಿಕ್ಕಿದಾಗ ಇಳಿಯುವನು. ನಡುವೆ ಎದುರಿಗೆ ಶಿರಸ್ತೇದಾರರು ಬಂದು ನಿಲ್ಲಲು ಹೇಳಿದರೂ ಕೈಮುಗಿದು ಮುಂದಕ್ಕೆ ಹೋಗಲೇಬೇಕು. ಒಮ್ಮೆ ಹಾಗೆ ಹೋಗಿದ್ದಕ್ಕೆ, ಗುಮಾಸ್ತೆಗೆ ಸೊಕ್ಕು ಬಂದಿದೆ ಎಂದು ಕಛೇರಿಯಲ್ಲೆಲ್ಲ ಮಾತಾಯಿತು. ಸೊಕ್ಕು ಎನ್ನಿಸಿಕೊಳ್ಳುವುದು ವಾಸಿ, ಇಳಿಯಲು ಬಾರದವನು ಎನ್ನಿಸಿಕೊಳ್ಳುವುದು ಬೇಡ ಎಂದು ಅವನು ಬಾಯಿ ಬಿಟ್ಟಿರಲಿಲ್ಲ.

ಪಟ್ಟಿಯ ಎಲ್ಲ ಊರೂ ಸಲೀಸಾಗಿ ಬಂದಿದ್ದವು, ಹಾರನಹಳ್ಳಿಯೊಂದನ್ನು ಬಿಟ್ಟು. ಸೋಮವಾರ ಅದನ್ನು ಹೊಡೆದುಹಾಕಿದ್ದ, ಮಂಗಳವಾರ ಮತ್ತೆ ಸೇರಿಸಿದ್ದ. ಸೇರಿಸದಿದ್ದರೆ ಸುತ್ತು ಸರಿಯಾಗಿ ಕೂಡುವುದಿಲ್ಲ ಎಂಬುದು ನೆಪ. ಅಲ್ಲಿ ಅವನ ಅಕ್ಕ ಬೀರಮ್ಮ ಇದ್ದಳು. ಇವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಎರಡು ಮೈಲಿ ದೂರದ ಇಸ್ಕೂಲಿಗೆ ಹೊತ್ತವಳು, ಒಳಗೆ ಇವನು ಮಗ್ಗಿ ಹೇಳುವಷ್ಟು ಹೊತ್ತೂ ಹೊರಗೆ ಹುಣಸೇಮರದ ಕೆಳಗೆ ಕೂತು ಕಾಯುತ್ತಿದ್ದವಳು. ಎರಡು ವರ್ಷದ ಹಿಂದೆ, ಇದೇ ಮೇಜು, ಇದೇ ಕಿಟಕಿ, ಕಛೇರಿಯ ತುಂಬ ಜನ, ಸಾಹೇಬರು ಬಾಗಿಲಲ್ಲೇ ನಿಂತು ಶಿರಸ್ತೇದಾರರ ಜೊತೆ ಮಾತಾಡುತ್ತಿದ್ದಾರೆ, ಆಗ ಜಗಲಿಯಿಂದ ಲೋ ಅಂಕಾ ಎಂದು ಕೂಗು. ತಲೆಯ ಮೇಲೆ ಅವರೆಕಾಯಿ ಕುಕ್ಕೆ, ಮೊಣಕಾಲಿನವರೆಗೆ ಧೂಳು, ಬಾಯ ತುಂಬ ನಗು. ಎಲ್ಲರೂ ತಿರುಗಿದರು. ಯಾರಯ್ಯ ಅದು ಎಂದು ಶಿರಸ್ತೇದಾರರು ಕೇಳಿದರು. ಅಂಕಯ್ಯ ಕಾಗದದಿಂದ ಕಣ್ಣೆತ್ತದೆ, ಯಾರೋ ಊರ ಕಡೆಯವರು ಸ್ವಾಮಿ, ಎಂದ. ಅಷ್ಟೆ. ಅವಳಿಗೆ ಕೇಳಿಸಿತ್ತು. ಕುಕ್ಕೆಯನ್ನು ಜಗಲಿಯ ಮೇಲಿಟ್ಟು ಜವಾನನ ಹತ್ತಿರ, ಇದು ಆ ಸ್ವಾಮಿಗೆ, ಎಂದು ಹೇಳಿ ಹೋಗಿದ್ದಳು. ಆ ಅವರೆಕಾಯನ್ನು ಮನೆಯಲ್ಲಿ ಸಾರು ಮಾಡಿದಾಗ ಅವನು ಹಸಿವಿಲ್ಲವೆಂದು ಎದ್ದಿದ್ದ. ಆವತ್ತಿನಿಂದ ಊರಿಗೆ ಹೋಗಿರಲಿಲ್ಲ. ಹೋದರೆ ಮುಖ ಎಲ್ಲಿಟ್ಟುಕೊಳ್ಳುವುದು? ಸೈಕಲ್ಲಿನ ಮೇಲಾದರೆ ಇಳಿಯದೆ ಹೋಗಿಬಿಡಬಹುದು, ಬೀದಿಯಲ್ಲಿ ಅವಳನ್ನು ಒಂದು ಸಲ ನೋಡಿ ಹಾಗೇ ಮುಂದಕ್ಕೆ, ಎಂದೂ ಅನ್ನಿಸಿತ್ತು. ಬುಧವಾರ ಮತ್ತೆ ಹೊಡೆದುಹಾಕೋಣವೆಂದು ಪಟ್ಟಿ ಹುಡುಕಿದರೆ ಮೇಜಿನ ಮೇಲೆ ಅದು ಇರಲಿಲ್ಲ. ಮನೆಯಲ್ಲಿರಬೇಕು ಎಂದುಕೊಂಡ.

ನಾಲ್ಕು ಗಂಟೆಗೆ ಟಪಾಲು ಗುಮಾಸ್ತೆ ಪುಟ್ಟಸ್ವಾಮಿ ನಶ್ಯ ಏರಿಸಿಕೊಂಡು ಬಂದು ಇವನ ಮೇಜಿಗೆ ಒರಗಿದ. ಏನೋ ಉಪಕಾರ ಮಾಡಿ ಹೇಳಿಕೊಳ್ಳಲು ಬಂದವನ ಮುಖ. ಸಾಹೇಬರ ಸರ್ಕೀಟು ಪಟ್ಟಿಯನ್ನು ನಕಲು ಮಾಡದೆ ಹಾಗೇ ಬಿಟ್ಟಿದ್ದೆಯಲ್ಲ, ಸೈಕಲ್ಲಿನ ಗುಂಗಿನಲ್ಲಿ ಮರೆತಿರಬೇಕು ಎಂದು ನಾನೇ ಕೂತು ಏಳು ನಕಲು ತೆಗೆದು, ಶಿರಸ್ತೇದಾರರಿಂದ ಮೊಹರು ಹಾಕಿಸಿ ಬುಧವಾರವೇ ಏಳೂ ಊರಿನ ಪಟೇಲರಿಗೆ ಕಳಿಸಿದೆ ಎಂದ. ಅಂಕಯ್ಯನಿಗೆ ಮೊದಲು ಅರ್ಥವಾಗಲಿಲ್ಲ. ಯಾವ ಪಟ್ಟಿ ಎಂದ. ಅದೇ, ಬಿಳಿಕೆರೆ, ಕೃಷ್ಣರಾಜನಗರ, ಬೆಟ್ಟದಪುರ. ಅಂಕಯ್ಯನ ಕಾಲುಗಳು ಮೇಜಿನ ಕೆಳಗೆ ನಿಂತವು. ಅದರಲ್ಲಿ ಸಾಹೇಬರ ಹೆಸರು ಎಲ್ಲಿತ್ತು ಎಂದು ಕೇಳಿದ. ಸಾಹೇಬರ ಹೆಸರು ಯಾವ ಪಟ್ಟಿಯಲ್ಲಿ ಇರುತ್ತದಯ್ಯ ಎಂದು ಪುಟ್ಟಸ್ವಾಮಿ ನಕ್ಕ. ನಿಜವೇ. ಸರ್ಕೀಟು ಪಟ್ಟಿಯಲ್ಲಿ ಬರುವವರು ಯಾರೆಂದು ಬರೆಯುವ ವಾಡಿಕೆಯೇ ಇಲ್ಲ. ದೊಡ್ಡವರ ಹೆಸರು ಬರೆಯಬಾರದು, ಬರೆಯುವ ಅಗತ್ಯವೂ ಇಲ್ಲ, ಎಲ್ಲರಿಗೂ ಗೊತ್ತು. ಅದೇ ಅಭ್ಯಾಸಬಲದಿಂದ ಅಂಕಯ್ಯ ತನ್ನ ಸ್ವಂತ ಪಟ್ಟಿಯಲ್ಲೂ ತನ್ನ ಹೆಸರು ಬರೆದಿರಲಿಲ್ಲ. ಹುಚ್ಚೆಳ್ಳು ಚಟ್ನಿ ನೋಡಿದಾಗಲೂ ನಿನಗೆ ಏನೂ ಅನ್ನಿಸಲಿಲ್ಲವೇ ಎಂದು ಕೇಳಿದ್ದಕ್ಕೆ ಪುಟ್ಟಸ್ವಾಮಿ, ಸಾಹೇಬರ ನಾಲಿಗೆ ಕೊನೆಗೂ ದಾರಿಗೆ ಬಂತು ಎಂದುಕೊಂಡೆ, ಎಂದ. ವಿಷಯ ತಿಳಿದ ಮೇಲೆ ಅವನ ಮೂಗಿನಿಂದ ನಶ್ಯವೂ ಇಳಿಯಿತು. ಏಳು ಊರಿನಲ್ಲಿ, ಸರ್ಕಾರದ ಮೊಹರಿನ ಕೆಳಗೆ, ಒಬ್ಬ ಗುಮಾಸ್ತೆಯ ರಜೆಗೆ ಎಳನೀರು ಕೊಯ್ಯುತ್ತಿದ್ದಾರೆ. ಸರ್ಕೀಟು ಪಟ್ಟಿ ರಿಜಿಸ್ಟರಿಗೆ ಹತ್ತುವುದಿಲ್ಲ, ಆದರೆ ರದ್ದು ಮಾಡಿ ಇನ್ನೊಂದು ಕಾಗದ ಕಳಿಸಿದರೆ ಅದು ಹತ್ತುತ್ತದೆ. ಮುಂದಿನ ಬುಧವಾರ ಮೈಸೂರಿನಿಂದ ಹಿಂದಿರುಗುವ ಸಾಹೇಬರು ಮೊದಲು ನೋಡುವುದೇ ರಿಜಿಸ್ಟರು. ಕೆಲಸ ಹೋಗುತ್ತದೆ, ಹಾರನಹಳ್ಳಿಯ ಕಡೆಯಿಂದ ಓದಿ ಬಂದು ಕುರ್ಚಿಯ ಮೇಲೆ ಕೂತ ಮೊದಲನೆಯವನ ಕುರ್ಚಿ ಹೋಗುತ್ತದೆ.

ಇಬ್ಬರೂ ಪಟ್ಟಿಯ ಊರುಗಳನ್ನು ಬೆರಳು ಮಡಿಸಿ ಎಣಿಸಿದರು. ಆಮೇಲೆ ಅಂಕಯ್ಯನಿಗೆ ಹೊಳೆಯಿತು, ಹೊಳೆದ ಕೂಡಲೆ ಕಿಸಕ್ಕನೆ ನಗು ಬಂತು. ಏಳೂ ಪಟ್ಟಿಗಳನ್ನು ಖುದ್ದಾಗಿ ಹೋಗಿ ವಾಪಸು ತರಬೇಕು. ಏಳೂ ಊರಿಗೆ ಬಸ್ಸಿಲ್ಲ, ಗಾಡಿಯಲ್ಲಿ ಹೋದರೆ ವಾರ ಹಿಡಿಯುತ್ತದೆ. ಸೈಕಲ್ಲಿನಲ್ಲಿ ನಾಲ್ಕು ದಿನ. ನಾಳೆ ಬೆಳಿಗ್ಗೆ ಆರಕ್ಕೆ ಹೊರಟು, ಪಟ್ಟಿಯಲ್ಲಿರುವ ಊರಿಗೆ, ಪಟ್ಟಿಯಲ್ಲಿರುವ ಹೊತ್ತಿಗೆ, ಪಟ್ಟಿಯಲ್ಲಿರುವ ಹಾಗೆಯೇ ಹೋಗಬೇಕು. ರಜೆಯೂ ಮಂಜೂರಾಗಿದೆ, ಶಿಕಾರಿ ಕಾಡಿಗೆ ರೇಂಜರು ಕೊಟ್ಟ ಚೀಟಿಯೂ ಜೇಬಿನಲ್ಲಿದೆ. ಮನಸ್ಸಿನ ಒಂದು ಮೂಲೆಯಲ್ಲಿ ಪ್ರಾಣ ಹೋಗುವಷ್ಟು ಭಯ, ಉಳಿದಿದ್ದರಲ್ಲೆಲ್ಲ ಹಬ್ಬ. ಸಂಜೆ ಮನೆಗೆ ಹೋಗಿ ಚೆಲುವಮ್ಮನಿಗೆ, ಈಗ ಹೋಗಲೇಬೇಕು ಕಣೇ, ಸರ್ಕಾರಿ ಕೆಲಸ, ಎಂದ. ಅವಳು ಅವನ ಮುಖ ನೋಡಿ, ಸರ್ಕಾರಿ ಕೆಲಸಕ್ಕೆ ಹೋಗುವವರು ಹೀಗೆ ಹಲ್ಲು ಬಿಡುವುದಿಲ್ಲ ಎಂದಳು.

ಬೆಳಗಿನ ಮಂಜಿನಲ್ಲಿ ಊರಾಚೆಯ ಮೈಲಿಗಲ್ಲಿನಿಂದ ಹತ್ತಿದವನು ಬಿಳಿಕೆರೆಯವರೆಗೆ ಇಳಿಯಲಿಲ್ಲ. ರಾಗಿ ಹೊಲದ ಇಬ್ಬನಿ ವಾಸನೆ, ಚಕ್ರದ ಕೆಳಗೆ ನುಣ್ಣಗೆ ಜಾರುವ ಮಣ್ಣು, ಎದುರಾದ ಗಾಡಿಯವರು ಎತ್ತು ಬೆದರೀತೆಂದು ಬಯ್ಯುವ ಬೈಗುಳ ಎಲ್ಲವೂ ಸವಿಯಾಗಿತ್ತು. ಬಿಳಿಕೆರೆ ಚಾವಡಿಯ ಮುಂದೆ ಅವನಿಗೆ ಕಂಡದ್ದು ಕಲ್ಲು. ನಾಲ್ಕು ಆಳು ಸೇರಿ ಹೂತಿರಬೇಕು, ಎದೆ ಮಟ್ಟಕ್ಕೆ ನಿಂತಿತ್ತು, ಸುಣ್ಣ ಬಳಿದು ಕೆಮ್ಮಣ್ಣಿನ ಪಟ್ಟೆ ಎಳೆದಿದ್ದರು, ಯಾರೋ ಪುಣ್ಯಾತ್ಮರು ದೇವರಿರಬಹುದೆಂದು ಹೂವನ್ನೂ ಇಟ್ಟಿದ್ದರು. ಅಷ್ಟೆತ್ತರದ ಕಲ್ಲಿಗೆ ಕಾಲು ಎಟುಕುವುದು ಹೇಗೆ? ಅಂಕಯ್ಯ ಎರಡೂ ಕೈಯಿಂದ ಅದನ್ನು ತಬ್ಬಿಕೊಂಡ, ಸೈಕಲ್ಲು ತನ್ನಷ್ಟಕ್ಕೆ ಮುಂದೆ ಹೋಗಿ ಪಟೇಲ ಸೋಮಯ್ಯನವರ ಕಾಲ ಬಳಿ ಮಲಗಿತು. ಕಲ್ಲು ತಬ್ಬಿಕೊಂಡೇ ಅವನು, ಸಾಹೇಬರಿಗೆ ಮೈಗೆ ಹುಷಾರಿಲ್ಲ, ಸರ್ಕೀಟು ಮುಂದಕ್ಕೆ ಹೋಗಿದೆ, ಪಟ್ಟಿ ವಾಪಸು ಕೊಡಿ ಎಂದ. ಸುಳ್ಳು ಇಷ್ಟು ಸುಲಭವಾಗಿ ಬರುತ್ತದೆಂದು ಅವನಿಗೆ ತಿಳಿದಿರಲಿಲ್ಲ. ಸೋಮಯ್ಯನವರು ಪಟ್ಟಿ ಕೊಟ್ಟರು, ಕೊಯ್ದ ಎಳನೀರು ಹಾಳಾಗುತ್ತದೆಂದು ಅದನ್ನೂ ಕೊಟ್ಟರು. ಪಾಪ, ಸಾಹೇಬರ ಕಾಲು ಅಷ್ಟು ಗಿಡ್ಡವೇ ಎಂದು ಮಾತ್ರ ಮೆಲ್ಲಗೆ ವಿಚಾರಿಸಿದರು.

ಕೃಷ್ಣರಾಜನಗರದಲ್ಲೂ ಅದೇ ಸುಳ್ಳು, ಅದೇ ಉಪಚಾರ. ಎಡತೊರೆಗೆ ಹೊಳೆ ನುಗ್ಗಿದ ಮೇಲೆ ಕಟ್ಟಿದ ಹೊಸ ಊರು. ರೂಲುದೊಣ್ಣೆ ಇಟ್ಟು ಎಳೆದಂಥ ಬೀದಿಗಳು, ಇನ್ನೂ ಮನೆ ಏಳದ ಖಾಲಿ ಚೌಕಗಳು, ನೆಟ್ಟು ಐದಾರು ವರ್ಷವಾದ ಸಾಲುಮರಗಳು. ಅಷ್ಟು ಅಗಲದ ಬೀದಿ ನೋಡಿ ಅಂಕಯ್ಯನಿಗೆ ತಡೆಯಲಾಗಲಿಲ್ಲ, ಪಟ್ಟಿ ಜೇಬಿಗೆ ಬಿದ್ದ ಮೇಲೆ ಊರನ್ನು ಮೂರು ಸುತ್ತು ಸುಮ್ಮನೆ ಸುತ್ತಿದ. ನಾಲ್ಕನೆಯ ಸುತ್ತಿನಲ್ಲಿ ಒಬ್ಬ ಮುದುಕ ಅರ್ಜಿ ಹಿಡಿದು ಜೊತೆಯಲ್ಲೇ ಓಡಿಬಂದ. ಅರ್ಜಿ ತೆಗೆದುಕೊಳ್ಳುವ ಅಧಿಕಾರ ನನಗಿಲ್ಲ ಎಂದು ಕೂಗಿ ಅಂಕಯ್ಯ ಜೋರಾಗಿ ತುಳಿದ. ಆ ಅರ್ಜಿಯ ಬಿಳುಪು ಮಾತ್ರ ಮೈಲಿಗಟ್ಟಲೆ ಬೆನ್ನಿಗೆ ಅಂಟಿಕೊಂಡು ಬಂತು. ಮಾರನೆಯ ದಿನ ಬೆಟ್ಟದಪುರದ ಬೆಟ್ಟ ಹತ್ತು ಮೈಲಿಯಿಂದಲೇ ಕಾಣಿಸಿ, ತುಳಿದಷ್ಟೂ ಹಿಂದಕ್ಕೆ ಹೋಗುತ್ತ ಆಟವಾಡಿಸಿತು. ಇಳುಕಲಿನಲ್ಲಿ ಒಂದು ಎಮ್ಮೆ ಅಡ್ಡ ಬಂದು, ಕಲ್ಲು ಹುಡುಕಲು ಪುರಸೊತ್ತಿಲ್ಲದೆ ಅವನು ಕಾಲು ಬೀಸಿ ಇಳಿದೇಬಿಟ್ಟ. ನೆಲದ ಮೇಲೆ ಎರಡೂ ಕಾಲೂರಿ ನಿಂತು, ಎಮ್ಮೆಗೆ ಕೈಮುಗಿದು, ಮತ್ತೆ ಹತ್ತಿ, ಮತ್ತೆ ಇಳಿದು, ಹೀಗೆ ಏಳೆಂಟು ಸಲ ಮಾಡಿ ನೋಡಿದ. ಎಲ್ಲ ಸಲವೂ ಬಂತು. ಎಮ್ಮೆ ಕಾಯುವ ಹೆಂಗಸು ಇದು ಯಾವ ರೋಗವೋ ಎಂದು ದೂರ ನಿಂತಳು. ಆ ಸಂಜೆ ತಿಂದ ರೊಟ್ಟಿ ಚಟ್ನಿಯ ರುಚಿಯನ್ನು ಅವನು ಯಾವ ಪಟ್ಟಿಯಲ್ಲೂ ಬರೆಯಲಾರ.

ಸೋಮವಾರ ಪಿರಿಯಾಪಟ್ಟಣದ ಪಟ್ಟಿ ಜೇಬಿಗೆ ಹಾಕಿಕೊಂಡು ಹಾರನಹಳ್ಳಿಯ ದಾರಿ ಹಿಡಿದಾಗ ಮಾತ್ರ ಪೆಡಲು ಭಾರವಾಯಿತು. ಗೊತ್ತಿರುವ ಮರಗಳು, ಗೊತ್ತಿರುವ ತಿರುವು. ಹೋಗುವುದು, ಪಟ್ಟಿ ಕೇಳುವುದು, ಬರುವುದು. ಈಗ ಇಳಿಯಲು ಬರುತ್ತದೆ ಎಂಬುದೇ ಕಷ್ಟವಾಗಿತ್ತು. ಮೊದಲಾಗಿದ್ದರೆ ಇಳಿಯಲು ಬರುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಹೋಗಿಬಿಡಬಹುದಿತ್ತು. ಚಾವಡಿಯ ಮುಂದೆ ತೋರಣ ಕಟ್ಟಿದ್ದರು. ಪಟೇಲ ದೊಡ್ಡಮಾದಯ್ಯನವರು ರುಮಾಲು ಸುತ್ತಿ ನಿಂತಿದ್ದರು, ಹಿಂದೆ ಇಪ್ಪತ್ತು ಮೂವತ್ತು ಜನ. ಅಂಕಯ್ಯ ಇಳಿದು ಸುಳ್ಳು ಹೇಳಿದ. ಪಟೇಲರಿಗೆ ನಿರಾಸೆಯಾದರೂ ಪಟ್ಟಿಯನ್ನು ಮಡಿಸಿ ಕೈಗಿತ್ತರು, ಇವನು ಅದನ್ನು ಉಳಿದ ನಾಲ್ಕರ ಜೊತೆ ಜೇಬಿಗೆ ಸೇರಿಸಿದ. ಮುಗಿಯಿತು. ಇನ್ನು ಎರಡೇ ಊರು, ಆಮೇಲೆ ಕುರ್ಚಿ ಭದ್ರ. ಸೈಕಲ್ಲನ್ನು ತಿರುಗಿಸುವಾಗ ಗುಂಪಿನಿಂದ ಒಬ್ಬಳು ಮುಂದೆ ಬಂದಳು. ತಲೆಕೂದಲು ಎರಡು ವರ್ಷದಲ್ಲಿ ಅರ್ಧ ಬೆಳ್ಳಗಾಗಿತ್ತು. ಕಣ್ಣು ಅವನ ಪಾದದ ಮೇಲೆ. ಎರಡೂ ಕೈಯಲ್ಲಿ ಒಂದು ಕಾಗದ.

"ಸ್ವಾಮೀ, ಸಾಯೇಬ್ರು ಬರ್ನಿಲ್ವಲ್ಲ, ನೀವೇ ಇದ ಅವ್ರಿಗೆ ತಲುಪುಸ್ಬುಡಿ," ಎಂದಳು ಬೀರಮ್ಮ. ಅಪರಿಚಿತರ ಹತ್ತಿರ ಮಾತಾಡುವ ದನಿ, ಒಂದಿಷ್ಟೂ ನಡುಗದ ದನಿ. ಈ ಸಲ ಅಧಿಕಾರವಿಲ್ಲ ಎನ್ನದೆ ಅವನು ಅದನ್ನು ತೆಗೆದುಕೊಂಡ. ಕಾಗದ ಕಂಡರೆ ಓದುವ ಕಣ್ಣು, ಓದಿತು. ಶಾನುಭೋಗರ ಕೈಬರಹ. ಮಹಾಸ್ವಾಮಿಯವರ ಸನ್ನಿಧಾನಕ್ಕೆ ಹಾರನಹಳ್ಳಿ ಗ್ರಾಮದ ಬೀರಮ್ಮ ಕೈಮುಗಿದು ಮಾಡಿಕೊಳ್ಳುವ ಅರಿಕೆ ಏನೆಂದರೆ, ಎರಡು ವರ್ಷದ ಹಿಂದೆ ತಿಳಿವಳಿಕೆ ಸಾಲದೆ ತಮ್ಮ ಕಛೇರಿಗೆ ಬಂದು ಗುಮಾಸ್ತೆ ಅಂಕಯ್ಯನವರನ್ನು ಹೆಸರು ಹಿಡಿದು ಕೂಗಿದ್ದು ನನ್ನ ತಪ್ಪು. ಅವರಿಗೂ ನನಗೂ ಯಾವ ಸಂಬಂಧವೂ ಇರುವುದಿಲ್ಲ. ಇದಕ್ಕಾಗಿ ಸ್ವಾಮಿಯವರು ಅವರ ಮೇಲೆ ಕೋಪ ಇಟ್ಟುಕೊಳ್ಳದೆ, ಅವರಿಗೆ ಊರ ಕಡೆ ಒಂದು ಸಲ ಬಂದುಹೋಗಲು ರಜಾ ಕೊಡಿಸಬೇಕಾಗಿ ಪ್ರಾರ್ಥನೆ. ಕೆಳಗೆ ಹೆಬ್ಬೆಟ್ಟು.

ಅಂಕಯ್ಯ ಅದನ್ನು ಎರಡನೆಯ ಸಲ ಓದಲಿಲ್ಲ. ಎರಡು ವರ್ಷ ಅವನು ಬರದೆ ಇದ್ದದ್ದಕ್ಕೆ ಅವಳು ಕಂಡುಕೊಂಡ ಕಾರಣ ಇದು: ತನ್ನಿಂದ ತಮ್ಮನಿಗೆ ತೊಂದರೆಯಾಯಿತು, ಸಾಹೇಬರು ಕಟ್ಟಿಹಾಕಿದ್ದಾರೆ, ಬಿಡಿಸಬೇಕು. ಅವನು ಒಂದೇ ಮಾತಿನಲ್ಲಿ ಹೊಡೆದುಹಾಕಿದ್ದನ್ನು ಅವಳು ಹೆಬ್ಬೆಟ್ಟು ಒತ್ತಿ ಖಾಯಂ ಮಾಡಿಕೊಟ್ಟಿದ್ದಳು, ಅವನ ಒಳ್ಳೆಯದಕ್ಕಾಗಿ. ಅವನಿಗೆ ನಾಚಿಕೆಯಾಯಿತು, ಎಷ್ಟು ಎಂದರೆ ನಿಂತ ನೆಲ ಕಾಣಲಿಲ್ಲ. ಜನ ನೋಡುತ್ತಿದ್ದರು. ಕಾಗದ ಮಡಿಸಿ ಜೇಬಿಗೆ ಹಾಕಿ, ಆಗಲಮ್ಮ, ತಲುಪಿಸುತ್ತೇನೆ ಎಂದರೆ ಸಾಕು. ಅವಳೂ ಅದನ್ನೇ ಬಯಸಿ ನಿಂತಿದ್ದಳು. ಜೇಬಿನಲ್ಲಿ ಐದು ಪಟ್ಟಿ. ಅವನ ಕೈ ಜೇಬಿಗೆ ಹೋಯಿತು, ಐದನ್ನೂ ಹೊರಗೆ ತೆಗೆಯಿತು, ಪಟೇಲರ ಕೈಯಲ್ಲಿಟ್ಟಿತು.

"ಸಾಯೇಬ್ರಿಗೆ ಏನೂ ಆಗಿಲ್ಲ ಕಣ್ರಿ ಪಟೇಲ್ರೆ. ಇದು ಅವ್ರ ಸರ್ಕೀಟಲ್ಲ, ನಂದು. ಬರ್ಬೇಕಾಗಿದ್ದೋನು ನಾನೇಯ. ಇವ್ಳು ನಮ್ಮಕ್ಕ," ಎಂದ ಅಂಕಯ್ಯ.

ಮೊದಲು ಬಾಯಿ ತೆರೆದದ್ದು ಬೀರಮ್ಮನೇ. ಇವನು ತನ್ನ ತಮ್ಮನೆಂದು ಊರಿಗೆಲ್ಲ ಗೊತ್ತಿದ್ದರೂ, ಸ್ವಾಮಿಯವರು ಯಾರನ್ನೋ ನೋಡಿ ಯಾರೋ ಅಂದುಕೊಂಡಿದ್ದಾರೆ, ಬಿಸಿಲಿಗೆ ಹಾಗಾಗುತ್ತದೆ ಎಂದು ಪಟೇಲರಿಗೆ ಸಮಜಾಯಿಷಿ ಹೇಳಲು ಹೊರಟಳು. ಅಂಕಯ್ಯ ಅವಳ ಕಾಗದವನ್ನು ಅಲ್ಲೇ ನಾಲ್ಕು ಚೂರು ಮಾಡಿದ. ಸರ್ಕಾರಕ್ಕೆ ಬರೆದ ಕಾಗದ ಹರಿಯುವುದನ್ನು ಆ ಊರಿನಲ್ಲಿ ಯಾರೂ ಕಂಡಿರಲಿಲ್ಲ. ಆಗ ಅವಳು ತಲೆಯೆತ್ತಿ ಅವನನ್ನು ನೋಡಿದಳು, ಕಣ್ಣು ತುಂಬಿಕೊಂಡಿತ್ತು, ಕೈ ಮಾತ್ರ ಹೊಡೆಯಲು ಎದ್ದ ಹಾಗೆ ಎದ್ದಿತ್ತು.

"ಕೆಲ್ಸ ಒಂಟೋಯ್ತದೆ ಕಣೋ ಅಂಕ."

"ಓದ್ರೆ ಓಗ್ಲಿ ಬುಡಕ್ಕ," ಎಂದ. ಎನ್ನುವಾಗ ಭಯದ ಜೊತೆಗೇ ಹೊಟ್ಟೆಯೊಳಗಿನ ಕಚಗುಳಿಯೂ ಎದ್ದು, ಅಳುವೋ ನಗುವೋ ತಿಳಿಯದ ಒಂದು ಸದ್ದು ಬಾಯಿಂದ ಬಂತು. ದೊಡ್ಡಮಾದಯ್ಯನವರು ಪಟ್ಟಿಗಳನ್ನು ತಿರುಗಿಸಿ ಮುರುಗಿಸಿ ನೋಡಿ, ಇದನ್ನು ಮೇಲಕ್ಕೆ ಬರೆಯದೆ ಇರಲು ನನ್ನಿಂದಾಗದು ಎಂದರು. ಬರೆಯಿರಿ ಎಂದ ಅಂಕಯ್ಯ. ಬರೆಯುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಕಾಡು ಇನ್ನೂ ಉಳಿದಿತ್ತು, ಕೋಟೆ ಉಳಿದಿತ್ತು. ಈಗ ಅಲ್ಲಿಗೆ ಹೋಗಿ ಪಟ್ಟಿ ತರಬೇಕಾದ ದರ್ದು ಏನೂ ಇರಲಿಲ್ಲ, ಆದ್ದರಿಂದಲೇ ಹೋಗಬೇಕೆನ್ನಿಸಿತು. ಅಕ್ಕನ ಹೊಲ ಅದೇ ದಾರಿಯಲ್ಲಿ, ಕಾಡಿನ ಅಂಚಿಗೆ. ಅಲ್ಲಿಯವರೆಗೆ ಹಿಂದೆ ಕೂತುಕೋ ಎಂದು ಕ್ಯಾರಿಯರು ತಟ್ಟಿ ತೋರಿಸಿದ. ಈ ವಯಸ್ಸಿನಲ್ಲಿ ಕಬ್ಬಿಣದ ಕುದುರೆ ಹತ್ತಿ ಊರೆಲ್ಲ ನಗಿಸಲೇ ಎಂದು ಅವಳು ಬಯ್ದಳು; ಬಯ್ಯುತ್ತಲೇ ಸೀರೆ ಎತ್ತಿ ಕಟ್ಟಿದಳು.

ಸೈಕಲ್ಲು ಮೊದಲು ಹಾವಿನ ಹಾಗೆ ಹೊರಳಿತು, ಆಮೇಲೆ ನೆಟ್ಟಗಾಯಿತು. ಬೀರಮ್ಮ ಅವನ ಸೊಂಟವನ್ನು ಉಸಿರು ಕಟ್ಟುವ ಹಾಗೆ ಹಿಡಿದುಕೊಂಡು, ಊರಿನ ಕೊನೆಯ ಮನೆ ದಾಟುವವರೆಗೂ ಒಂದೇ ಸಮನೆ ಚಾಮುಂಡಿಯನ್ನು ಕರೆದಳು. ಇಳುಕಲು ಬಂತು. ಗಾಳಿ ಕಿವಿಯಲ್ಲಿ ತುಂಬಿತು. ಅವಳ ಕೂಗು ಯಾವಾಗ ನಗುವಾಯಿತೋ ಇಬ್ಬರಿಗೂ ತಿಳಿಯಲಿಲ್ಲ. ಹಿಂದೆ ಅವಳು, ಮುಂದೆ ಅವನು, ಮಕ್ಕಳ ಹಾಗೆ ಕೇಕೆ ಹಾಕುತ್ತ ಬೊಂಬಿನ ಮೆಳೆಗಳ ಕಡೆಗೆ ಇಳಿದರು. ಎದುರಿಗೆ ಹುಲ್ಲಿನ ಗಾಡಿ ಹೊಡೆದುಕೊಂಡು ಪಕ್ಕದೂರಿನ ಸಣ್ಣಬೀರಯ್ಯ ಬರುತ್ತಿದ್ದ. ಎತ್ತುಗಳನ್ನು ಪಕ್ಕಕ್ಕೆಳೆದು, ಪಂಚೆ ಷರಟಿನವನನ್ನೂ ಅವನ ಹಿಂದೆ ಜೋತುಬಿದ್ದಿದ್ದ ಹೆಂಗಸನ್ನೂ ಬೆರಗಾಗಿ ನೋಡಿ, ಯಾರ್ಲಾ ಅದು ಎಂದು ಕೂಗಿದ. ಅಂಕಯ್ಯ ಉತ್ತರಕ್ಕೆ ಬಾಯಿ ತೆರೆದ. ಅಷ್ಟರೊಳಗೆ ಬೀರಮ್ಮ ಅವನ ಹೆಗಲ ಮೇಲಿಂದ ಕತ್ತು ಚಾಚಿ, ಕಾಡಿನವರೆಗೂ ಕೇಳುವ ಹಾಗೆ ಹೇಳಿದಳು:

"ಇವನ ಅಕ್ಕ ಕಣ್ಲಾ ನಾನು."